ಎಲ್ಲರ ಊರು, ಫ್ಯಾಮಿಲಿಗೆ ಮಾತ್ರ

ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೂತು ಕೂತು ಬೆನ್ನು ಹಿಡಿದವರಿಗೆಲ್ಲ ಈಗ ಮಂಗಳೂರಿನ ಮೇಲೆ ಒಮ್ಮೆಲೆ ಪ್ರೀತಿ ಬಂದಿದೆ ಮಾರಾಯ್ರೆ. ಸಮುದ್ರ ಉಂಟು, ಏರ್‌ಪೋರ್ಟ್ ಉಂಟು, ಹೆಜ್ಜೆಗೊಂದು ಆಸ್ಪತ್ರೆ ಉಂಟು, ಮೀನು ಫ್ರೆಶ್, ಖರ್ಚು ಕಮ್ಮಿ, ಎಲ್ಲ ಭಾಷೆಯವರೂ ಇದ್ದಾರೆ, ಸೆಟ್ಲ್ ಆಗ್ಲಿಕ್ಕೆ ಇದೇ ಬೆಸ್ಟ್ ಊರು ಅಂತ ರೀಲ್ಸ್ ಮಾಡಿ ಹಾಕ್ತಾರೆ, ಹಿಂದೆ ಪಣಂಬೂರು ಬೀಚಿನಲ್ಲಿ ಸೂರ್ಯ ಮುಳುಗ್ತಾ ಇರ್ತಾನೆ. ಇಲ್ಲಿಯವರಾದ ನಾವು ಅದನ್ನು ನೋಡಿ ಎದೆ ಉಬ್ಬಿಸಿ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡ್ತೇವೆ. ಆಮೇಲೆ ಅದೇ ರೀಲ್ಸ್ ನೋಡಿ ಯಾರೋ ಪಾಪದ ಮನುಷ್ಯ ಬ್ಯಾಗ್ ಹಿಡ್ಕೊಂಡು ಬಂದು ನಮ್ಮ ಗೇಟಿನ ಹತ್ರ ನಿಂತು "ಸರ್, ಟು-ಲೆಟ್ ಬೋರ್ಡ್ ನೋಡಿದೆ" ಅಂದ್ರೆ ಗೇಟು ತೆಗಿಯುದಿಲ್ಲ, ಸಂದಿಯಿಂದಲೇ ಕೇಳ್ತೇವೆ, "ನೀವು ಎಂತ ಜನ?"

ಹೊರಗಿನಿಂದ ಬಂದವರಿಗೆ ಈ ಪ್ರಶ್ನೆ ತಲೆಗೆ ಹೋಗುದಿಲ್ಲ. ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ, ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಸಿಕ್ಕಿ ಬಂದವ, "ಒಳ್ಳೆ ಜನಾ ರೀ ಸರ" ಅಂತ ಉತ್ತರ ಕೊಟ್ಟನಂತೆ. ಓನರಿಗೆ ತಲೆಬಿಸಿ. ನಮ್ಮಲ್ಲಿ ಹೆಸರಿನ ಬಾಲ ಒಂದು ಕೇಳಿದ್ರೆ ಸಾಕು, ಶೆಟ್ಟಿ, ಭಟ್, ಪೂಜಾರಿ, ಕಾಮತ್, ಡಿಸೋಜ, ಅಷ್ಟರಲ್ಲೇ ನಂಬುವ ದೇವರಿಂದ ಹಿಡಿದು ಮಧ್ಯಾಹ್ನದ ಪದಾರ್ಥದ ತನಕ ಎಲ್ಲ ಗೊತ್ತಾಗಿ ಹೋಗ್ತದೆ, ಬೇರೆ ತನಿಖೆ ಬೇಡ. ಈ ಹುಡುಗನದ್ದು ನೋಡಿದ್ರೆ ಮೆಣಸಿನಕಾಯಿ. ಈಗ ಮೆಣಸಿನಕಾಯಿಯನ್ನು ಎಲ್ಲಿ ಇಡುದು? ಓನರ್ ಒಳಗೆ ಹೋಗಿ ಹೆಂಡತಿಯನ್ನು ಕೇಳಿದ್ರು, ಅವರು ತಮ್ಮನಿಗೆ ಫೋನ್ ಮಾಡಿದ್ರು, ತಮ್ಮ ಧಾರವಾಡದಲ್ಲಿ ಓದಿದ ಯಾರೋ ಫ್ರೆಂಡಿಗೆ ವಾಯ್ಸ್ ಮೆಸೇಜ್ ಹಾಕಿದ, ಅಲ್ಲಿಂದ "ಆ ಕಡೆ ಉಳ್ಳಾಗಡ್ಡಿ ಅಂತಲೂ ಇರ್ತಾರೆ" ಅಂತ ಉತ್ತರ ಬಂತು. ಅಡುಗೆಮನೆ ಪೂರ್ತಿ ಬಂತು, ಜಾತಿ ಮಾತ್ರ ಬರ್ಲಿಲ್ಲ. ಕೊನೆಗೆ "ಮನೆ ಕೊಟ್ಟಾಯ್ತು" ಅಂದ್ರು. ಬೋರ್ಡ್ ಇವತ್ತಿಗೂ ಅಲ್ಲೇ ನೇತಾಡ್ತಾ ಉಂಟು.

ಬೋರ್ಡಿನಲ್ಲಿ ಇರುದು ಎರಡೇ ಸಾಲು. ಮನೆ ಬಾಡಿಗೆಗೆ ಇದೆ. ಫ್ಯಾಮಿಲಿಗೆ ಮಾತ್ರ. ಈ ಎರಡನೇ ಸಾಲಿನ ಮೇಲೆ ಯಾರಾದ್ರೂ ಪಿಎಚ್‌ಡಿ ಮಾಡ್ಬೇಕು, ನಮ್ಮಲ್ಲಿ ಯೂನಿವರ್ಸಿಟಿಗಳಿಗೇನೂ ಕೊರತೆ ಇಲ್ಲ. ಗಂಡ ಹೆಂಡತಿ ಇಬ್ಬರು ಮಕ್ಕಳು ಅಂದ್ರೆ ಫ್ಯಾಮಿಲಿ ಅಂತ ನಿಮಗೆ ಅನ್ನಿಸ್ಬಹುದು, ಅದು ಅಷ್ಟು ಸುಲಭ ಇಲ್ಲ. ಮಕ್ಕಳು ಸಣ್ಣವು ಆದ್ರೆ ಗೋಡೆಗೆ ಗೀಚ್ತಾವೆ, ದೊಡ್ಡವು ಆದ್ರೆ ಫ್ರೆಂಡ್ಸ್ ಬರ್ತಾರೆ, ಮಕ್ಕಳೇ ಇಲ್ಲದಿದ್ರೆ "ಮದುವೆ ಆಗಿದ್ದು ಹೌದಾ?" ಒಬ್ಬಳೇ ಅಮ್ಮ ಮಗುವನ್ನು ಕರ್ಕೊಂಡು ಬಂದ್ರೆ ಅದು ಫ್ಯಾಮಿಲಿ ಅಲ್ಲವಂತೆ, ಗಂಡಸು ಇಲ್ಲ ಅಲ್ವಾ ಅಂತ. ನಾಲ್ಕು ಗಂಡಸರು ಬಂದ್ರೆ ಅದೂ ಅಲ್ಲ, ಗಂಡಸರು ಜಾಸ್ತಿ. ಮೂರು ಜನ ನರ್ಸಮ್ಮಂದಿರು ಬಂದ್ರು, ಜ್ವರ ಬಂದ್ರೆ ನಮ್ಮ ತಲೆ ಹತ್ರ ರಾತ್ರಿಯಿಡೀ ಎದ್ದು ಕೂತು ನೋಡುವವರು ಇವರೇ, ಆದರೆ ನೈಟ್ ಡ್ಯೂಟಿ ಮುಗ್ಸಿ ಬೆಳಿಗ್ಗೆ ಮನೆಗೆ ಬರುದು ಅಂದ್ರೆ ಅಕ್ಕಪಕ್ಕದವರು ಎಂತ ಹೇಳ್ಬೇಕು? ಅದೇ ಕೇರಳದಿಂದ ಬಂದ ಮೆಡಿಕಲ್ ಸ್ಟೂಡೆಂಟು, ಒಬ್ಬನೇ, ಗಡ್ಡ ಬಿಟ್ಟವ, ರಾತ್ರಿ ಎರಡು ಗಂಟೆಗೆ ಬುಲೆಟ್ಟಿನಲ್ಲಿ ಡಗಡಗ ಅಂತ ಬರುವವ, ಆದರೆ ಅಪ್ಪ ಮಸ್ಕತ್ತಿನಲ್ಲಿ ಇದ್ದಾರೆ, ಕೇಳಿದ ಬಾಡಿಗೆಗೆ ಚೌಕಾಸಿ ಇಲ್ಲ, ವರ್ಷದ ದುಡ್ಡು ಒಟ್ಟಿಗೆ ಕೊಡ್ತಾನೆ. ಅವನು ಫ್ಯಾಮಿಲಿ. "ನಮ್ಮ ಮಗನ ಹಾಗೆ" ಅಂತಾರೆ.

ಆಮೇಲೆ ವೆಜ್. ಬೋರ್ಡಿನ ಮೂರನೇ ಸಾಲು ಅದು, ಬರೆದಿರುದಿಲ್ಲ. ಭಟ್ರು ವೆಜ್ಜಿನವರಿಗೇ ಕೊಡುದು ಅಂದ್ರೆ ಅದೊಂದು ಲೆಕ್ಕ, ನಾನು ಒಪ್ಪುದಿಲ್ಲ ಆದ್ರೂ ಲೆಕ್ಕವಾದ್ರೂ ಉಂಟು. ಬೂತಾಯಿ ಪುಳಿಮುಂಚಿ ಇಲ್ಲದೆ ಗಂಟಲಲ್ಲಿ ಅನ್ನ ಇಳಿಯದ ಓನರುಗಳು, ಬೆಳಿಗ್ಗೆ ಮೀನಿನ ಧಕ್ಕೆಗೆ ಹೋಗಿ ಬಂಗುಡೆಯ ಕಿವಿರು ಎತ್ತಿ ನೋಡಿ ತರುವವರು, ಅವರು ಕೂಡ "ವೆಜ್ ಆದ್ರೆ ಒಳ್ಳೆದಿತ್ತು, ಮತ್ತೆ ಗೋಡೆಗೆ ವಾಸನೆ ಹಿಡಿತದೆ" ಅಂತಾರೆ. ಕೆಳಗೆ ಇವರ ಕಾವಲಿಯಲ್ಲಿ ಅಂಜಲ್ ಚುಯ್ಯಿ ಅನ್ನುವಾಗ ಮೇಲಿನ ಮನೆಯ ಗೋಡೆಗೆ ಮೂಗು ಇರುದಿಲ್ಲ ಅಂತ ಕಾಣ್ತದೆ.

ಇಷ್ಟಕ್ಕೂ ನಮ್ಮದು ಡೈವರ್ಸಿಟಿಯ ಊರು ಅನ್ನುದು ಸುಳ್ಳಲ್ಲ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಸುರತ್ಕಲ್ಲಿಗೆ ಹೋಗುವ ಯಾವುದಾದ್ರೂ ಸಿಟಿ ಬಸ್ಸು ಹತ್ತಿ ನೋಡಿ. ಮುಂದಿನ ಸೀಟಿನಲ್ಲಿ ಕೊಂಕಣಿ, ಹಿಂದೆ ಬ್ಯಾರಿ ಭಾಷೆ, ಫುಟ್‌ಬೋರ್ಡಿನಲ್ಲಿ ಮಲಯಾಳ, ಮಧ್ಯದಲ್ಲಿ ನಿಂತವರು ಜಾರ್ಖಂಡಿಗೋ ಒಡಿಶಾಕ್ಕೋ ವೀಡಿಯೋ ಕಾಲ್ ಮಾಡಿ ಹಿಂದಿಯಲ್ಲಿ ಕಿರುಚ್ತಾ ಇರ್ತಾರೆ, ಕಂಡಕ್ಟರ್ ಎಲ್ಲರಿಗೂ ಒಂದೇ ತುಳುವಿನಲ್ಲಿ "ದುಂಬು ಪೋಲೆ, ದುಂಬು ಪೋಲೆ" ಅಂತಾನೆ, ಎಲ್ಲರೂ ಮುಂದೆ ಹೋಗ್ತಾರೆ. ಎಂತ ಜನ ಅಂತ ಕೇಳದೆ ಒಬ್ಬರ ಕಂಕುಳಲ್ಲಿ ಇನ್ನೊಬ್ಬರ ಮೂಗು ಇಟ್ಟುಕೊಂಡು ಕೊಟ್ಟಾರ ಚೌಕಿ, ಕೂಳೂರು ದಾಟ್ತೇವೆ. ಈ ಊರಿನಲ್ಲಿ ಜಾತ್ಯತೀತತೆ ಇರುದು ಟಿಕೆಟ್ ಇದ್ದಲ್ಲಿ ಮಾತ್ರ. ಬಸ್ಸಿಳಿದು ಒಬ್ಬ ಹುಡುಗ ಒಬ್ಬಳು ಹುಡುಗಿ ಒಟ್ಟಿಗೆ ಐಸ್‌ಕ್ರೀಮ್ ತಿನ್ಲಿಕ್ಕೆ ಕೂತ್ರೆ ಮಾತ್ರ ಇಬ್ಬರ ಹೆಸರಿನ ಬಾಲ ಕೇಳ್ಲಿಕ್ಕೆ ಬೈಕಿನಲ್ಲಿ ಜನ ಬರ್ತಾರೆ. ಅವರಿಗೆ ಬಾಡಿಗೆಗೆ ಕೊಡ್ಲಿಕ್ಕೆ ಮನೆಯೂ ಇಲ್ಲ, ಸುಮ್ಮನೆ ಸೇವೆ.

ಓನರ್ ಕೂತು ಈ ಪ್ರಶ್ನೆ ಕೇಳುವ ಜಗಲಿ ಉಂಟಲ್ಲ, ಅದರ ಮೇಲಿನ ಮಾಡು, ಅಂದ್ರೆ ಛಾವಣಿ, ನೋಡಿ, ಹಳೇ ಮನೆ ಆದ್ರೆ ಅಲ್ಲಿ ಮಂಗಳೂರು ಹಂಚು ಇರ್ತದೆ. 1865ರಲ್ಲಿ ಕ್ರೈಸ್ತ ಧರ್ಮ ಪ್ರಚಾರಕ್ಕೆ ಬಂದ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಅನ್ನುವ ಜರ್ಮನಿಯ ಮನುಷ್ಯ ಜೆಪ್ಪಿನಲ್ಲಿ, ನೇತ್ರಾವತಿ ದಡದಲ್ಲಿ, ಮೊದಲ ಹಂಚಿನ ಫ್ಯಾಕ್ಟರಿ ಶುರು ಮಾಡಿದ್ದು. ಅದು ಎಂತಕ್ಕೆ ಶುರುವಾದದ್ದು ಅಂತ ಕೇಳಿ. ಧರ್ಮ ಬದಲಾಯಿಸಿದ ಜನಕ್ಕೆ ಅವರವರ ಜಾತಿಯವರು ಕೆಲಸ ಬಿಡಿಸಿದ್ರು, ಮನೆಯಿಂದ ಹೊರಗೆ ಹಾಕಿದ್ರು, ಗೇಣಿಗೆ ಇದ್ದ ಜಾಗ ಹೋಯ್ತು, ಅಂಥವರ ಹೊಟ್ಟೆಪಾಡಿಗೆ ಅಂತ ಮಿಷನ್‌ನವರು ನೇಯ್ಗೆ ಶುರು ಮಾಡಿದ್ರು, ಪ್ರಿಂಟಿಂಗ್ ಪ್ರೆಸ್ ಇಟ್ರು, ಹಂಚು ಸುಟ್ರು. ಅಂದ್ರೆ "ಎಂತ ಜನ" ಅಂತ ಕೇಳಿ ಗೇಟು ಹಾಕಿಸಿಕೊಂಡವರ ಕೈಯಿಂದ ಬಂದ ಮಾಡು ಅದು! ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು ಹಂಚಾಗಿ ಬರ್ಮಾ, ಪೂರ್ವ ಆಫ್ರಿಕಾ, ಆಸ್ಟ್ರೇಲಿಯಾ ತನಕ ಹೋಯ್ತು, ಇಲ್ಲಿ ದೇವಸ್ಥಾನದ ಮೇಲೂ ಅದೇ, ಇಗರ್ಜಿ ಮೇಲೂ ಅದೇ, ಪಳ್ಳಿ ಮೇಲೂ ಅದೇ, ಮಳೆಗಾಲದಲ್ಲಿ ಒಂದೇ ಥರ ಪಾಚಿ ಕಟ್ತದೆ. ಮಾಡು ಎಲ್ಲರದ್ದೂ ಒಂದೇ ಆಯ್ತು, ಅದರಡಿಗೆ ಯಾರು ಬರಬಹುದು ಅನ್ನುದು ಮಾತ್ರ ಇನ್ನೂ ತೀರ್ಮಾನ ಆಗ್ಲಿಲ್ಲ.

ಈಗ ಹಂಚಿನ ಫ್ಯಾಕ್ಟರಿಗಳು ಹೆಚ್ಚಿನವು ಬಾಗಿಲು ಹಾಕಿ ಆಯ್ತು. ಮಣ್ಣು ಸಿಗುದಿಲ್ಲ, ಕೆಲಸಕ್ಕೆ ಜನ ಸಿಗುದಿಲ್ಲ, ಎಲ್ಲರಿಗೂ ಟೆರೇಸ್ ಮನೆ ಬೇಕು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಚಪ್ಪಟೆ ಟೆರೇಸು ಕಟ್ಟಿ, ಎರಡು ಮಳೆಗಾಲ ಸೋರಿಸಿ, ಮೂರನೇ ವರ್ಷ ಅದರ ಮೇಲೆ ಲಕ್ಷಗಟ್ಟಲೆ ಕೊಟ್ಟು ಕಬ್ಬಿಣದ ಪೈಪು ನಿಲ್ಲಿಸಿ ಶೀಟ್ ಹಾಕಿಸ್ತೇವೆ, ಆ ಶೀಟು ಯಾವ ಬಣ್ಣ ಅಂದ್ರೆ ಹಂಚಿನ ಕೆಂಪು, ಯಾವ ಆಕಾರ ಅಂದ್ರೆ ಹಂಚಿನದ್ದೇ ಆಕಾರ. ದೇಶವಿದೇಶಕ್ಕೆ ಹಂಚು ಕಳಿಸಿದ ಊರು ಈಗ ತಗಡನ್ನು ಹಂಚಿನ ಹಾಗೆ ಬಗ್ಗಿಸಿ ತಲೆ ಮೇಲೆ ಇಟ್ಕೊಂಡಿದೆ. ಹಳೇ ಹಂಚು ಎಲ್ಲಿ ಹೋಯ್ತು ಅಂದ್ರೆ ಹೋಮ್‌ಸ್ಟೇಗೆ, ಅಲ್ಲಿ ಒಂದು ರಾತ್ರಿಗೆ ಕೊಡುವ ದುಡ್ಡಿನಲ್ಲಿ ಬೈಕಂಪಾಡಿಯ ಹುಡುಗ ಒಂದು ತಿಂಗಳು ರೂಮು ಮಾಡ್ಕೊಂಡು ಇರಬಹುದಿತ್ತು, ಕೊಟ್ಟಿದ್ರೆ.

ಹಂಚು, ಗೋಡಂಬಿ, ಬೀಡಿ, ಕಾಫಿ ಸಂಸ್ಕರಣೆ, ಇವುಗಳ ಮೇಲೆ ಹೊಟ್ಟೆ ಹೊರೆದ ಊರು ಇದು. ಆಮೇಲೆ ಪಣಂಬೂರಿನಲ್ಲಿ ಬಂದರು ಆಯ್ತು, 1974ರಲ್ಲಿ ಅದು ದೇಶದ ಒಂಬತ್ತನೇ ಮೇಜರ್ ಪೋರ್ಟ್ ಆಯ್ತು, ಪಕ್ಕದಲ್ಲಿ ರಸಗೊಬ್ಬರದ ಎಂಸಿಎಫ್, ಕುದುರೆಮುಖದ ಅದಿರಿನ ಪೆಲೆಟ್ ಪ್ಲಾಂಟ್, ಇನ್ನೂ ಆಚೆಗೆ ತೈಲ ಶುದ್ಧೀಕರಣದ ಎಂಆರ್‌ಪಿಎಲ್. ಬಂದರಿಗಾಗಿ ಪಣಂಬೂರಿನ ಜನ ಮನೆ ಗದ್ದೆ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಕ್ಕೆ ಹೋದ್ರು, ಇವತ್ತಿಗೂ ಆ ಜಾಗಗಳನ್ನು ಬ್ಲಾಕ್ ನಂಬರಿನಲ್ಲೇ ಕರೆಯುದು. ಅವರು ಎದ್ದು ಹೋದ ನೆಲದ ಮೇಲೆ ನಿಂತ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡ್ಲಿಕ್ಕೆ ಬಂದವನಿಗೆ ನಾವು ಹೇಳುದು, "ಇಂಡಸ್ಟ್ರಿಯವರಾ? ಶಿಫ್ಟ್ ಇರ್ತದಲ್ಲ, ಕಿರಿಕಿರಿ. ಐಟಿಯವರಾದ್ರೆ ನೋಡ್ಬಹುದಿತ್ತು." ಐಟಿಯವರು ಎಲ್ಲಿದ್ದಾರೆ? ಬೆಂಗಳೂರಿನಲ್ಲಿ ಇದ್ದಾರೆ, ಅದರಲ್ಲಿ ಅರ್ಧ ಜನ ನಮ್ಮ ಮಕ್ಕಳೇ. ಅಲ್ಲಿ ಅವರ ಓನರು ಅವರನ್ನು ಕೇಳ್ತಾ ಇರ್ತಾನೆ, "ಕೋಸ್ಟಲ್ಲಾ? ಫಿಶ್ ಮಾಡ್ತೀರಾ ಮನೇಲಿ?" ಸಂಜೆ ಮಗ ಫೋನ್ ಮಾಡಿ ಇದನ್ನು ಹೇಳಿದ್ರೆ ಅಪ್ಪನಿಗೆ ಸಿಟ್ಟು ಬಂದು ಬೆಂಗಳೂರಿನವರಿಗೆ ಸಂಸ್ಕಾರ ಇಲ್ಲ ಅಂತ ಬೈದು, ಫೋನ್ ಇಟ್ಟು, ಗೇಟಿನ ಹತ್ರ ಯಾರೋ ಬಂದಿದ್ದಾರೆ ಅಂತ ಎದ್ದು ಹೋಗ್ತಾರೆ.

ಮುಲ್ಕಿಯ ಬಪ್ಪನಾಡು ದೇವಸ್ಥಾನದ ವಿಷಯ ಬಂದ್ರೆ ಎಲ್ಲರಿಗೂ ಭಯಂಕರ ಹೆಮ್ಮೆ. ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿ ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದ ಅಂತ ಐತಿಹ್ಯ, ನೋಡಿ ನಮ್ಮ ಸೌಹಾರ್ದ ಅಂತ ಭಾಷಣ ಬಿಗಿಯುವವರನ್ನು ನಾನೇ ಕೇಳಿದ್ದೇನೆ, ಕೊಂಕಣಿ, ತುಳು, ಇಂಗ್ಲಿಷು ಮೂರರಲ್ಲೂ. ಭಾಷಣ ಮುಗಿಸಿ ಕೆಳಗೆ ಇಳಿದಾಗ ಯಾರಾದ್ರೂ ಬ್ಯಾರಿ ಹುಡುಗ "ಸಾರ್, ನಿಮ್ಮ ಮೇಲಿನ ಮನೆ ಖಾಲಿ ಉಂಟಂತೆ" ಅಂದ್ರೆ "ನನ್ನದೇನೂ ಇಲ್ಲ ಮಾರಾಯ, ಆಚೆ ಮನೆಯವರಿಗೆ ಸ್ವಲ್ಪ..." ಅಂತ ಮಾತು ಅಲ್ಲೇ ನಿಲ್ತದೆ. ಈ ಆಚೆ ಮನೆಯವರು ಅನ್ನುವ ಜನ ಉಂಟಲ್ಲ, ಮಂಗಳೂರಿನ ಎಲ್ಲ ಕೆಟ್ಟ ತೀರ್ಮಾನಗಳನ್ನು ಮಾಡುದು ಅವರೇ. ಅವರ ಮನೆಗೆ ಹೋಗಿ ಕೇಳಿದ್ರೆ ಅವರೂ ಇನ್ನೂ ಆಚೆಗೆ ಕೈ ತೋರಿಸ್ತಾರೆ, ಹಾಗೇ ತೋರಿಸ್ತಾ ಹೋದ್ರೆ ಕಾಸರಗೋಡು ಸಿಗಬಹುದು. ಬ್ಯಾರಿಗಳ ಓನರ್ ಏನು ಕಮ್ಮಿ ಅಲ್ಲ ಮತ್ತೆ, ಪೊರ್ಬುಗಳು ಅಂದ್ರೆ ಕ್ರಿಶ್ಚಿಯನ್ನರೂ ಅಲ್ಲ, ಎಲ್ಲರಿಗೂ ಅವರವರ ಜನವೇ ಬೇಕು. ಈ ಒಂದು ವಿಷಯದಲ್ಲಿ ಮಾತ್ರ ನಮ್ಮ ಜಿಲ್ಲೆಯಲ್ಲಿ ಸಂಪೂರ್ಣ ಸೌಹಾರ್ದ ಉಂಟು.

ಇನ್ನು ಮನೆ ಇಲ್ಲ ಅಂತ ಕೊಡುದಿಲ್ಲವಾ ಅಂದ್ರೆ, ಅದೂ ಅಲ್ಲ. 2011ರ ಜನಗಣತಿಯಲ್ಲಿ ಕಾರ್ಪೊರೇಷನ್ ಲಿಮಿಟ್ ಒಳಗೆ 5 ಲಕ್ಷದ ಹತ್ರ ಜನ ಇದ್ದ ಊರು, ಕದ್ರಿ, ಬಿಜೈ, ಮಣ್ಣಗುಡ್ಡ ಕಡೆ ರಾತ್ರಿ ಎಂಟು ಗಂಟೆಗೆ ಒಂದು ಸುತ್ತು ಬಂದು ತಲೆ ಎತ್ತಿ ನೋಡಿ, ಹದಿನಾಲ್ಕು ಮಾಳಿಗೆಯ ಬಿಲ್ಡಿಂಗಿನಲ್ಲಿ ಲೈಟು ಉರಿಯುದು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಬೀಗ. ಬೀಗದ ಕೈ ಎಲ್ಲಿ? ದುಬೈಯಲ್ಲಿ, ದೋಹಾದಲ್ಲಿ, ಕುವೈತಿನಲ್ಲಿ.

ಆ ಫ್ಲ್ಯಾಟಿನ ಧಣಿ ಅಲ್ಲಿ ಹೇಗೆ ಇದ್ದಾರೆ ಅಂತ ಸ್ವಲ್ಪ ಕೇಳಿ. ಮೊದಲು ಹೋದಾಗ ದುಬೈಯ ದೇರಾದಲ್ಲಿ ಬೆಡ್ ಸ್ಪೇಸ್, ಒಂದು ರೂಮು, ಒಂದರ ಮೇಲೊಂದು ಮಂಚ, ಮೇಲೆ ಮಲಪ್ಪುರಂನವ, ಕೆಳಗೆ ಪೇಷಾವರದವ, ಪಕ್ಕದಲ್ಲಿ ಫಿಲಿಪೈನ್ಸಿನವ, ಬಾತ್‌ರೂಮಿಗೆ ಟೈಮ್‌ಟೇಬಲ್. ಫ್ಯಾಮಿಲಿ ಇರುವ ಬಿಲ್ಡಿಂಗಿನಲ್ಲಿ ಬ್ಯಾಚುಲರ್ ಇರಬಾರದು ಅಂತ ಅಲ್ಲಿಂದಲೂ ಎಬ್ಬಿಸಿದ್ರು, ಬ್ಯಾಗ್ ಹಿಡ್ಕೊಂಡು ರಾತ್ರೋರಾತ್ರಿ ಇನ್ನೊಂದು ರೂಮಿಗೆ ಹೋದ್ರು, ಅಲ್ಲಿ ಆ ಪೇಷಾವರದವನೇ ಜಾಗ ಹುಡುಕಿ ಕೊಟ್ಟದ್ದಂತೆ, ಊರಿಗೆ ಬಂದಾಗ ಈ ಕಥೆ ಹೇಳಿ ಕಣ್ಣಲ್ಲಿ ನೀರು ತರ್ತಾರೆ, ಖರ್ಜೂರ ಕೊಡ್ತಾರೆ, ಟೈಗರ್ ಬಾಮ್ ಕೊಡ್ತಾರೆ. ಹಾಗೆ ಮಂಚದ ಮೇಲೆ ಮಂಚ ಹಾಕಿ ಉಳಿಸಿದ ದುಡ್ಡಿನಲ್ಲಿ ಕಟ್ಟಿಸಿದ ಮೂರು ಬೆಡ್‌ರೂಮಿನ ಫ್ಲ್ಯಾಟು ಇದು. ಬ್ರೋಕರಿಗೆ ಇನ್‌ಸ್ಟ್ರಕ್ಷನ್ ಎಂತ? "ಬ್ಯಾಚುಲರ್ ಬೇಡ. ಬೇರೆ ಜನ ಬೇಡ. ಭಯ್ಯಾಗಳು ಬೇಡವೇ ಬೇಡ. ನಮ್ಮವರು ಸಿಕ್ಕಿದ್ರೆ ಕೊಡು, ಇಲ್ಲದಿದ್ರೆ ಇರ್ಲಿ, ಖಾಲಿ ಇರ್ಲಿ."

ನಮ್ಮವರು ಯಾಕೆ ಸಿಗುದಿಲ್ಲ ಅಂದ್ರೆ ನಮ್ಮವರೆಲ್ಲ ಅಲ್ಲೇ ದೇರಾದಲ್ಲಿ ಮೇಲಿನ ಮಂಚದಲ್ಲಿ ಇದ್ದಾರೆ.

ಇದು ಗಲ್ಫಿನಿಂದ ಶುರುವಾದದ್ದೂ ಅಲ್ಲ. ಮೊದಲು ಬೊಂಬಾಯಿ. ಎಷ್ಟು ಮನೆಯ ಅಜ್ಜಂದಿರು ಸಣ್ಣ ಪ್ರಾಯದಲ್ಲಿ ಬೊಂಬಾಯಿಗೆ ಓಡಿ ಹೋಗಿ, ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜಿನ ಮೇಲೆ ಮಲಗಿ, ನೈಟ್ ಸ್ಕೂಲಿಗೆ ಹೋಗಿ ಮೇಲೆ ಬಂದವರು. ಉಡುಪಿ ಹೋಟೆಲ್ ಅನ್ನುವ ಬೋರ್ಡು ಇಲ್ಲದ ಊರು ದೇಶದಲ್ಲಿ ಯಾವುದು ಉಂಟು ಹೇಳಿ, ಗಲ್ಲಾದಲ್ಲಿ ಕೂತು ಬಂದ ಗಿರಾಕಿಯನ್ನು ಎಂತ ಜನ ಅಂತ ಕೇಳಿದ್ರೆ ಅವತ್ತೇ ಶಟರ್ ಎಳೀಬೇಕಿತ್ತು. 1906ರಲ್ಲಿ ಒಂದೇ ವರ್ಷದಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕ್ ಆದದ್ದನ್ನು ಶುರು ಮಾಡಿದ್ರು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಆದದ್ದನ್ನು. ಆ ಬ್ಯಾಂಕುಗಳ ಸಾಲದಲ್ಲಿ ಕಟ್ಟಿಸಿದ ಮನೆಗಳು ಎಷ್ಟೋ ಇರಬೇಕು ಇಲ್ಲಿ. ಸಾಲ ಕೊಡುವಾಗ ಸ್ಯಾಲರಿ ಸ್ಲಿಪ್ ಕೇಳಿದ್ರು. ಬಾಡಿಗೆ ಕೊಡುವಾಗ ಗೋತ್ರ ಕೇಳುದು.

ರೀಲ್ಸಿನಲ್ಲಿ ಖರ್ಚು ಕಮ್ಮಿ ಅನ್ನುವ ಮಾತೂ ಬಂತಲ್ಲ, ಅದನ್ನೂ ಮುಗಿಸುವ. ಹುಬ್ಬಳ್ಳಿಯ ಹುಡುಗ ಬಾಡಿಗೆ ಕಮ್ಮಿ ಅಂತ ಕೇಳಿ ಬಂದದ್ದು ಸರಿಯೇ, ಸಿಕ್ಕದ ಮನೆಯ ಬಾಡಿಗೆ ಯಾವಾಗಲೂ ಕಮ್ಮಿಯೇ. ಸಿಕ್ಕಿದ್ದು ಪಿಜಿ, ಅದೂ ಬೈಕಂಪಾಡಿಗೆ ಎರಡು ಬಸ್ಸು ಬದಲಿಸುವಷ್ಟು ದೂರ. ರೂಮಿನಲ್ಲಿ ಮೂರು ಜನ, ಒಬ್ಬ ರಾಂಚಿಯವ, ಒಬ್ಬ ಕಣ್ಣೂರಿನವ, ಇವನು. ಏಪ್ರಿಲ್ ಬಂದ್ರೆ ಊರಿಗೆ ನೀರು ಕೊಡುವ ತುಂಬೆ ಡ್ಯಾಮಿನ ನೀರಿನ ಮಟ್ಟ ಇಳಿದ ಸುದ್ದಿ ಬರ್ತದೆ, ಪಿಜಿಯವರು ಆಗ ಸ್ನಾನದ ಬಗ್ಗೆ ಸಣ್ಣ ಭಾಷಣ ಕೊಡ್ತಾರೆ. ಜೂನ್ ಬಂದ್ರೆ ಬೇಡ ಬೇಡ ಅಂದ್ರೂ ನೀರು, ಕೊಟ್ಟಾರ ಚೌಕಿಯಲ್ಲಿ ಮೊಣಕಾಲಿನ ತನಕ, ಪಂಪ್‌ವೆಲ್ ಫ್ಲೈಓವರ್ ಕೆಳಗೆ ಬೇರೆ. ಆ ಫ್ಲೈಓವರಿನ ವಿಷಯ ತೆಗಿಯುದು ಬೇಡ ಬಿಡಿ, ಸುಮಾರು ಹತ್ತು ವರ್ಷ ಕಟ್ಟಿ 2020ರ ಜನವರಿಯಲ್ಲಿ ಓಡಾಟಕ್ಕೆ ಬಿಟ್ಟದ್ದು, ಅದರ ಮೇಲೆ ಮಾಡಿದ ಜೋಕುಗಳಿಂದಲೇ ಇನ್ನೊಂದು ಫ್ಲೈಓವರ್ ಕಟ್ಟಬಹುದಿತ್ತು. ಆದರೆ ಒಂದು ಹೇಳ್ಬೇಕು, ಆ ಪಿಜಿ ರೂಮಿನಲ್ಲಿ ಈಗ ಮೂವರೂ ತುಳು ಕಲಿತಿದ್ದಾರೆ, ಬೈಗುಳದಿಂದ ಶುರು ಮಾಡಿ. ಭಾನುವಾರ ಬೂತಾಯಿ ಫ್ರೈ ಮಾಡ್ತಾರಂತೆ, ಮಸಾಲೆ ಹುಬ್ಬಳ್ಳಿಯದ್ದು. ಗೋಡೆ ವಾಸನೆ ಹಿಡಿದದ್ದಕ್ಕೆ ಯಾರೂ ಕಂಪ್ಲೇಂಟ್ ಕೊಡ್ಲಿಲ್ಲ.

ಬೀಗ ಹಾಕಿದ ಆ ಫ್ಲ್ಯಾಟುಗಳಿಗೆ ಬಾಡಿಗೆದಾರರು ಬರ್ಲಿಲ್ಲ ಅಂತ ತಿಳ್ಕೊಳ್ಬೇಡಿ. ಬಂದಿದ್ದಾರೆ. ಅಡ್ವಾನ್ಸ್ ಇಲ್ಲ, ಅಗ್ರಿಮೆಂಟ್ ಇಲ್ಲ, ಎಂತ ಜನ ಅಂತ ಕೇಳಿದ್ರೆ ಗುಟುರು ಗುಟುರು ಅಂತ ಒಂದೇ ಉತ್ತರ. ಒಂದು ಬಿಲ್ಡಿಂಗಿನ ಬಾಲ್ಕನಿಗಳಲ್ಲಿ ಪಾರಿವಾಳಗಳು ಗೂಡು ಕಟ್ಟಿ, ಎಸಿಯ ಹೊರಗಿನ ಡಬ್ಬದ ಮೇಲೆ ಮೊಟ್ಟೆ ಇಟ್ಟು, ಕೆಳಗೆ ನಿಲ್ಲಿಸಿದ ಕಾರುಗಳನ್ನೆಲ್ಲ ಬೆಳ್ಳಗೆ ಮಾಡಿದ ಮೇಲೆ ಅಸೋಸಿಯೇಷನ್‌ನವರು ತುರ್ತು ಮೀಟಿಂಗ್ ಕರೆದ್ರು. ಬಂದವರು ಆರು ಜನ, ಉಳಿದ ಓನರುಗಳೆಲ್ಲ ಗಲ್ಫಿನಿಂದ ವಾಟ್ಸ್ಯಾಪಿನಲ್ಲಿ. ಆರರಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು, ಪಾಪದವರು, ಎದ್ದು ನಿಂತು "ಅಲ್ಲ, ಆ ಫ್ಲ್ಯಾಟುಗಳನ್ನು ಯಾರಿಗಾದ್ರೂ ಬಾಡಿಗೆಗೆ ಕೊಟ್ರೆ ಬಾಲ್ಕನಿಯಲ್ಲಿ ಜನ ಓಡಾಡ್ತಾರೆ, ಪಾರಿವಾಳ ತನ್ನಷ್ಟಕ್ಕೆ ಹೋಗ್ತದಲ್ವಾ" ಅಂದ್ರು. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ, ಆಮೇಲೆ ಸೆಕ್ರೆಟರಿ ಗಂಟಲು ಸರಿ ಮಾಡ್ಕೊಂಡು, ಮೇಷ್ಟ್ರ ಸಲಹೆಯನ್ನು ದಾಖಲೆಗೆ ತಕ್ಕೊಂಡಿದ್ದೇವೆ ಅಂತ ಹೇಳಿ, ಮುಂದಿನ ವಿಷಯಕ್ಕೆ ಹೋದ್ರು. ಮುಂದಿನ ವಿಷಯ ಬಲೆ. ಎಲ್ಲ ಖಾಲಿ ಫ್ಲ್ಯಾಟಿನ ಬಾಲ್ಕನಿಗೆ ನೈಲಾನ್ ಬಲೆ ಹಾಕಿಸುದು, ಖರ್ಚು ಸ್ಕ್ವೇರ್ ಫೀಟ್ ಲೆಕ್ಕದಲ್ಲಿ. ದುಬೈಯಿಂದ ಹೆಬ್ಬೆರಳು, ದೋಹಾದಿಂದ ಹೆಬ್ಬೆರಳು, ಕುವೈತಿನಿಂದ ಎರಡು ಹೆಬ್ಬೆರಳು ಬಂತು, ಸರ್ವಾನುಮತದಿಂದ ಪಾಸಾಯ್ತು. ಬಲೆ ಹಾಕ್ಲಿಕ್ಕೆ ಬಿಹಾರದ ಇಬ್ಬರು ಹುಡುಗರು ಬಂದು ಹಗ್ಗ ಕಟ್ಕೊಂಡು ಹದಿನಾಲ್ಕನೇ ಮಾಳಿಗೆಯಿಂದ ನೇತಾಡ್ತಾ ಕೆಲಸ ಮಾಡಿದ್ರು, ಅವರನ್ನು ಲಿಫ್ಟಿನಲ್ಲಿ ಬಿಡಬಹುದಾ ಅಂತ ಗ್ರೂಪಿನಲ್ಲಿ ಇನ್ನೂ ಚರ್ಚೆ ನಡೀತಾ ಉಂಟು.